ಉಂಗುರದಲ್ಲಿದ್ದ ಹಿಟ್ಟು

ನಮ್ಮತ್ತೆಗೆ ಬೀದಿಯವರು ಇಟ್ಟಿರುವ ಹೆಸರು ಉಜ್ಜಮ್ಮ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಆದರೆ ಅವರಿಗೆ ಗೊತ್ತು. ಗೊತ್ತಿದ್ದೂ ಬೇಸರವಿಲ್ಲ. "ಉಜ್ಜೋದೇನು ಕಳ್ಳತನವೇನೆ? ಕಪ್ಪು ಹಿಡಿಸ್ಕೊಂಡು ಓಡಾಡೋರು ನಾಚ್ಕೋಬೇಕು" ಎಂದು ನನ್ನನ್ನೇ ದಬಾಯಿಸುತ್ತಾರೆ, ಹೆಸರಿಟ್ಟವಳು ನಾನೇ ಎಂಬಂತೆ.

ಅವರು ಉಜ್ಜುವುದು ಒಡವೆ. ಬಳೆ, ಸರ, ಓಲೆ, ಉಂಗುರ. ನೆಂಟರದು, ನೆರೆಮನೆಯವರದು, ನೆರೆಮನೆಯವರ ನೆಂಟರದು. ಕೂಲಿಗಲ್ಲ, ಸುಮ್ಮನೆ. ಮೊದಲು ಅವರು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಾಜು ಒರೆಸುವುದು, ಸಡಿಲವಾದ ಕಡ್ಡಿಗೆ ಸ್ಕ್ರೂ ಬಿಗಿಯುವುದು, ಮೂಗಿನ ಮೇಲೆ ಕೂರುವ ಜಾಗದಲ್ಲಿ ಸೇರಿಕೊಂಡ ಹಸಿರು ಕೊಳೆ ತೆಗೆಯುವುದು, ಇಷ್ಟೇ ಕೆಲಸ. ಮಾವನವರು ಬೇಗ ತೀರಿಕೊಂಡ ಮೇಲೆ ಆ ಕೆಲಸದಲ್ಲೇ ನನ್ನ ಗಂಡನನ್ನು ಓದಿಸಿದರು. "ಊರವರ ಮೂಗಿನ ಬೆವರು ತೊಳೆದೋಳಿಗೆ ಚಿನ್ನ ತೊಳೆಯೋದು ಯಾವ ಮಹಾ" ಎನ್ನುತ್ತಾರೆ. ಅಂಗಡಿ ಮುಚ್ಚಿತು, ಅತ್ತೆಗೆ ವಯಸ್ಸಾಯಿತು, ಆದರೆ ಕೈ ಸುಮ್ಮನಿರಬೇಕಲ್ಲ.

ಅಡುಗೆಮನೆಯ ಕಿಟಕಿಯ ಪಕ್ಕದ ಮೇಜು ಅವರದು. ಅದರ ಮೇಲೆ ಬಿಳಿಯ ಬಟ್ಟೆ ಹಾಸುತ್ತಾರೆ. ಅಗಲ ಬಾಯಿಯ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ಒಂದೆರಡು ತೊಟ್ಟು, ಪಕ್ಕದಲ್ಲಿ ಎಳೆ ಮಕ್ಕಳು ಹಲ್ಲುಜ್ಜುವ ಮೆತ್ತನೆಯ ಬ್ರಷ್ಷು. ಚಿನ್ನ ನೆನೆಯಬೇಕು. ಮುತ್ತು ನೀರಿಗೆ ಇಳಿಯಬಾರದು, ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ ಮಗುವನ್ನು ಮಲಗಿಸಿದ ಹಾಗೆ ಉದ್ದಕ್ಕೆ ಮಲಗಿಸಬೇಕು, ನೇತುಹಾಕಿದರೆ ದಾರ ಜಗ್ಗುತ್ತದೆ. ಅಂಟು ಹಾಕಿ ಕೂರಿಸಿದ ಹರಳಿಗೂ ನೀರು ತಾಗಬಾರದು. ಬೆಳ್ಳಿಯನ್ನು ಗಾಳಿಯಾಡದಂತೆ ಬಟ್ಟೆಯಲ್ಲಿ ಸುತ್ತಿಡಬೇಕು. ಯಾರಾದರೂ ಹಲ್ಲಿನ ಪೇಸ್ಟಿನಲ್ಲಿ ಒಡವೆ ಉಜ್ಜಿದೆವೆಂದು ಬಾಯಿ ತಪ್ಪಿ ಹೇಳಿದರೋ, ಮುಗಿಯಿತು ಅವರ ಕಥೆ. "ಅದೇನು ನಿಮ್ಮ ಬಳೆಗೆ ಹುಳುಕು ಹಿಡಿದಿತ್ತಾ?" ಎಂದು ಕೇಳಿ, ಪೇಸ್ಟು ಗೀರಿದ ಗೆರೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿ, ಬಂದವರ ಮುಖದ ನೀರಿಳಿಸಿ ಕಳಿಸುತ್ತಾರೆ.

ಇಷ್ಟು ಬಾಯಿ ಜೋರಿರುವ ಹೆಂಗಸಿನ ಎದೆ ಮಾತ್ರ ಗುಬ್ಬಚ್ಚಿಯದು. ಒಡವೆ ಮೇಜಿಗೆ ಬಂದರೆ ಫ್ಯಾನು ಆರಬೇಕು, ಬಾಗಿಲಿಗೆ ಚಿಲಕ ಬೀಳಬೇಕು, ಸಿಂಕಿನ ತೂತಿಗೆ ಬಟ್ಟೆ ತುರುಕಬೇಕು. ತೊಳೆಯುವುದು ಪಾತ್ರೆಯಲ್ಲಿ, ಸಿಂಕಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ತುರುಕಬೇಕು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಒಮ್ಮೆ ಕೇಳಿಯೇಬಿಟ್ಟೆ. "ಅತ್ತೆ, ಅದು ಓಲೆ. ರೆಕ್ಕೆ ಇಲ್ಲ. ಫ್ಯಾನ್ ಹಾಕಿದ್ರೆ ಹಾರಿಹೋಗಲ್ಲ."

"ಪರರ ಒಡವೆಗೆ ರೆಕ್ಕೆ ಇರುತ್ತೆ ಕಣೆ. ನಿನಗೇನು ಗೊತ್ತು" ಎಂದರು, ತಲೆ ಎತ್ತದೆ.

ಇನ್ನೊಂದು ವಿಷಯ ಹೇಳಬೇಕು, ಏಕೆಂದರೆ ಎಲ್ಲ ಎಡವಟ್ಟೂ ಹುಟ್ಟಿದ್ದು ಅಲ್ಲೇ. ಒಡವೆ ತಂದವರು ಯಾರೂ ಅತ್ತೆಗೆ "ತೊಳೆದುಕೊಡಿ" ಎನ್ನುವುದಿಲ್ಲ. ದೊಡ್ಡವರಿಗೆ ಕೆಲಸ ಹೇಳಿದಂತಾಗುತ್ತದಲ್ಲ. ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟು, "ಇದನ್ನ ಸ್ವಲ್ಪ ನೋಡ್ಕೊಡಿ" ಎನ್ನುತ್ತಾರೆ. ನೋಡಿಕೊಡುವುದು ಎಂದರೆ ತೊಳೆದು, ಉಜ್ಜಿ, ಸಡಿಲಾಗಿದ್ದರೆ ಎಚ್ಚರಿಸಿ ವಾಪಸ್ ಕೊಡುವುದು. ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಉಳಿದಿಲ್ಲ. ನನ್ನ ಗಂಡ ಅಂಗಿಯ ಗುಂಡಿ ಬಿದ್ದರೂ "ಅಮ್ಮ, ಇದನ್ನ ನೋಡ್ಕೊಡು" ಎಂದು ಎಸೆದು ಹೋಗುತ್ತಾನೆ.

ಅತ್ತೆಗೆ ಒಬ್ಬ ತಮ್ಮ ಇದ್ದಾರೆ. ಊರೊಳಗಿನ ಬಸ್ಸು ಓಡಿಸುತ್ತಾರೆ, ನಮಗೆಲ್ಲ ಡ್ರೈವರ್ ಮಾವ. ಅವರನ್ನು ಹೆತ್ತ ತಾಯಿ ಬಾಣಂತನದಲ್ಲೇ ಹೋದರಂತೆ. ಆಗಿನ್ನೂ ಲಂಗ ಹಾಕುತ್ತಿದ್ದ ಅತ್ತೆಯೇ ಹಾಲು ಕುಡಿಸಿ, ಸ್ನಾನ ಮಾಡಿಸಿ, ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ಅಕ್ಕ ಎಂದು ಕರೆಯುತ್ತಾರೆ ಅಷ್ಟೇ. ಮಾತು ಬಲು ಕಮ್ಮಿ. ಅವರ ಬಾಯಿಂದ ಒಂದು ಮಾತು ಹೊರಡಬೇಕಾದರೆ ಮುಂಚೆಯೇ ಟಿಕೆಟ್ ಕಾದಿರಿಸಬೇಕು ಎಂದು ನಾವು ನಗಾಡುತ್ತಿದ್ದೆವು.

ಅವರ ಪಾಲಿನ ಮಾತನ್ನೆಲ್ಲ ಅವರ ಹೆಂಡತಿಯೇ ಆಡುತ್ತಿದ್ದರು. ಆಕೆ ನನಗೆ ಬೇಕರಿ ಅತ್ತೆ. ಬೇಕರಿಯೊಂದರ ಹಿಂಬದಿಯ ಕೋಣೆಯಲ್ಲಿ ಬೆಳಗಾಗುವ ಮೊದಲೇ ನಿಂತು ಬ್ರೆಡ್ಡು ಬನ್ನುಗಳ ಹಿಟ್ಟು ನಾದುವ ಕೆಲಸ. ಮೊಣಕೈವರೆಗೆ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು, ಬಂದರೆ ಮನೆಯೆಲ್ಲ ನಗು. ಎಡಗೈಯಲ್ಲಿ ಒಂದು ಕೆಂಪು ಹರಳಿನ ಉಂಗುರ. ಮದುವೆಯಲ್ಲಿ ಮಾವ ಹಾಕಿದ್ದು, ಮತ್ತೆ ತೆಗೆದದ್ದೇ ಇಲ್ಲ. "ತೆಗಿ ಅದನ್ನ, ನೋಡ್ಕೊಡ್ತೀನಿ" ಎಂದು ಅತ್ತೆ ಕಂಡಾಗಲೆಲ್ಲ ಗೋಗರೆಯುತ್ತಿದ್ದರು. "ಬರಲ್ಲ ಅತ್ತಿಗೆ, ಬೆರಳಿಗೆ ಬೇರು ಬಿಟ್ಟಿದೆ" ಎಂದು ಬೇಕರಿ ಅತ್ತೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು.

ಹೋದ ವರ್ಷ ಆಕೆ ಕಾಯಿಲೆ ಬಿದ್ದರು. ಕೈ ಸೊರಗಿ ಸೊರಗಿ, ಕೊನೆಗೆ ಉಂಗುರ ತಾನಾಗಿಯೇ ಕಳಚಿ ಆಸ್ಪತ್ರೆಯ ಹಾಸಿಗೆಯ ಮೇಲೆ ಬಿತ್ತು. ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ.

ಆಮೇಲೆ ಮಾವ ಮನುಷ್ಯರ ಸಹವಾಸವನ್ನೇ ಬಿಟ್ಟರು. ಅವರಿಗೊಬ್ಬ ಭಾವಮೈದುನ ಇದ್ದ, ಬೇಕರಿ ಅತ್ತೆಯ ತಮ್ಮ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಆತ ಪಾಪ, ಭಾವ ದಿನವೂ ನೋಡಿ ಕೊರಗುತ್ತಾರೆಂದು ಅಲಮಾರಿಯಲ್ಲಿದ್ದ ಅಕ್ಕನ ಬಟ್ಟೆಗಳನ್ನೆಲ್ಲ ಒಗೆಸಿ, ಇಸ್ತ್ರಿ ಹಾಕಿಸಿ, ಯಾರಿಗೋ ದಾನ ಕೊಟ್ಟುಬಿಟ್ಟ. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡಿದ್ದ. ಮಾವ ಬೈಯಲಿಲ್ಲ, ಕೂಗಲಿಲ್ಲ. ಖಾಲಿ ಅಲಮಾರಿ ನೋಡಿದರು, ಭಾವಮೈದುನನ ಚಪ್ಪಲಿಯನ್ನು ಹೊಸಿಲಿನ ಆಚೆ ಇಟ್ಟರು. ಅಂದಿನಿಂದ ಆತ ಎದುರಿಗೆ ಬಂದರೂ ಮಾವನ ಕಣ್ಣಿಗೆ ಕಾಣುವುದಿಲ್ಲ. ಅವರದೇ ಬಸ್ಸು ಹತ್ತಿದರೂ ಮಾವ ರಸ್ತೆ ನೋಡುತ್ತಾರೆ. ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿ ಅವರಿಗೆ ಉಳಿದದ್ದು ನಮ್ಮ ಮನೆಯೊಂದೇ. ರಜೆಯ ದಿನ ಬಂದು, ಅಕ್ಕ ಬಡಿಸಿದ್ದನ್ನು ಉಂಡು, ಗೋಡೆಗೆ ಒರಗಿ ಕೂತು, ಕತ್ತಲಾಗುವ ಮೊದಲು ಎದ್ದು ಹೋಗುತ್ತಿದ್ದರು. ಆ ದಿನ ತಮ್ಮನ ತಟ್ಟೆ ಖಾಲಿಯಾಯಿತೋ ಇಲ್ಲವೋ ನೋಡಿದ ಮೇಲೆಯೇ ಅತ್ತೆಯ ಗಂಟಲಲ್ಲಿ ಅನ್ನ ಇಳಿಯುತ್ತಿದ್ದದ್ದು.

ಈಚೆಗೆ ಒಂದು ದಿನ ಮಾವ ಕೆಲಸಕ್ಕೆ ಹೋಗುವ ದಾರಿಯಲ್ಲಿ ಖಾಕಿ ಅಂಗಿಯಲ್ಲೇ ಬಂದರು. ಅವರ ಮನೆಗೆ ಬಣ್ಣ ಹೊಡೆಸಬೇಕೆಂದು ಮನೆಯ ಮಾಲೀಕ ಹಟ ಹಿಡಿದಿದ್ದ. ವಾರವಿಡೀ ಆಳುಗಳು ಒಳಗೆ ಹೊರಗೆ ಓಡಾಡುತ್ತಾರೆ. ಅತ್ತೆ ಒಲೆಯ ಮುಂದಿದ್ದರು, ಕುಕ್ಕರ್ ಕೂಗುತ್ತಿತ್ತು. ನಾನು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ, ನನ್ನ ಕಿವಿಗೆ ಏನೂ ಬೀಳಲಿಲ್ಲ. ಮಾವ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟು ಏನೋ ಅಂದರಂತೆ. ಅಂದದ್ದು "ಅಕ್ಕ, ಇದನ್ನ ನೋಡ್ಕೋ", ಬಣ್ಣದವರು ಹೋಗುವವರೆಗೆ ಜೋಪಾನವಾಗಿಟ್ಟುಕೋ ಎಂದು. ಅತ್ತೆಗೆ ಕೇಳಿಸಿದ್ದು "ಇದನ್ನ ನೋಡ್ಕೊಡು". ಒಂದೇ ಒಂದು ಅಕ್ಷರ. ಅದನ್ನು ಕುಕ್ಕರೇ ಸೇರಿಸಿತೋ, ಇಷ್ಟು ವರ್ಷದ ಅಭ್ಯಾಸವೇ ಸೇರಿಸಿತೋ, ದೇವರಿಗೇ ಗೊತ್ತು.

ಮರುದಿನ ಬೆಳಗ್ಗೆ ಅತ್ತೆಯ ಸಡಗರ ನೋಡಬೇಕಿತ್ತು. ಫ್ಯಾನು ಆರಿತು, ಚಿಲಕ ಬಿತ್ತು. ಗಂಟು ಬಿಚ್ಚಿದರೆ ಬೇಕರಿ ಅತ್ತೆಯ ಉಂಗುರ. ಹರಳಿನ ಬಣ್ಣವೇ ತಿಳಿಯದಷ್ಟು ಮಂಕು. ಹರಳಿನ ಕೆಳಗೆ ಬೆಳಕಿಗೆಂದು ಬಿಟ್ಟಿರುವ ಸಂದು ಇರುತ್ತದಲ್ಲ, ಅದರ ತುಂಬ ಹಿಟ್ಟು ಕೂತು, ಗಟ್ಟಿಯಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. "ನೋಡೇ, ಪಾಪ, ಎಷ್ಟು ವರ್ಷದ್ದೋ" ಎಂದು ಅತ್ತೆ ಅದಕ್ಕೆ ಬಿಸಿನೀರು ಬದಲಾಯಿಸಿ ಬದಲಾಯಿಸಿ ನೆನೆಹಾಕಿದರು. ಹಲ್ಲಿಗೆ ಹಾಕಿಕೊಳ್ಳುವ ಮರದ ಕಡ್ಡಿಯಿಂದ ಹೂವಿನಷ್ಟು ಹಗುರವಾಗಿ ಕೆದಕಿದರು. ಹಿಟ್ಟು ಪದರ ಪದರವಾಗಿ ಬಿಟ್ಟುಕೊಂಡು ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಆ ನೀರನ್ನು ಹಿತ್ತಿಲ ಮೋರಿಗೆ ಚೆಲ್ಲಿ ಬಂದರು. ಬಟ್ಟೆಯಲ್ಲಿ ಒರೆಸಿ ಕಿಟಕಿಗೆ ಹಿಡಿದಾಗ ಗೋಡೆಯ ಮೇಲೆ ಕಡುಗೆಂಪು ಚುಕ್ಕೆಯೊಂದು ಬಿದ್ದು ಅಲ್ಲಾಡಿತು.

"ಬದುಕಿದ್ದಾಗ ಅವಳು ಕೈಗೆ ಕೊಡ್ಲಿಲ್ಲ. ಈಗಾದ್ರೂ ಆಯ್ತಲ್ಲ" ಎಂದು ಕಣ್ಣೊರೆಸಿಕೊಂಡರು.

ಸಂಜೆ ಫೋನು ಬಂತು. ಮಾವ ತಾವಾಗಿ ಫೋನು ಮಾಡುವುದೇ ಅಪರೂಪ, ಅದಕ್ಕೇ ಅತ್ತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಪಕ್ಕದಲ್ಲೇ ಬಿಳಿ ಬಟ್ಟೆಯ ಮೇಲೆ ಉಂಗುರ.

"ಅಕ್ಕ, ಅದು ಹುಷಾರಾಗಿದೆಯಾ?"

"ಇದೆಯಪ್ಪ, ಬಂಗಾರದ ಹಾಗಿದೆ" ಎಂದರು ಅತ್ತೆ, ನಗುತ್ತಾ. ಬಂದಾಗ ನೋಡಿ ಬೆರಗಾಗಲಿ ಎಂದು ಗುಟ್ಟು ಬಿಡಲಿಲ್ಲ.

ಆ ಕಡೆ ಬಸ್ಸುಗಳ ಸದ್ದು. ಆಮೇಲೆ ಮಾವ ನಿಧಾನಕ್ಕೆ ಹೇಳಿದರು, "ನೀನು ಅದನ್ನ ತೊಳೆದು ಗಿಳೆದು ಮಾಡ್ಬೇಡ. ಹೇಳೋಕೆ ಮರೆತೆ. ಅವಳು ನಾದಿದ ಹಿಟ್ಟು ಇದೆ ಅದ್ರಲ್ಲಿ. ಅವಳ ಕೈಯ್ದು ಅಂತ ಅಷ್ಟೇ ಉಳಿದಿರೋದು ನನ್ನ ಹತ್ರ. ಕೇಳಿಸ್ತಾ?"

ಅತ್ತೆ ಬಿಳಿ ಬಟ್ಟೆಯ ಅಂಚನ್ನು ಎಳೆದು ಉಂಗುರದ ಮೇಲೆ ಮುಚ್ಚಿದರು.

"ಕೇಳಿಸ್ತಾ ಅಕ್ಕ? ತೊಳೀಲಿಲ್ಲ ತಾನೇ?"

"ಇಲ್ಲಪ್ಪ" ಎಂದರು ಅತ್ತೆ.

ಫೋನು ಇಟ್ಟ ಮೇಲೆ ಎಷ್ಟೋ ಹೊತ್ತು ಕೂತಲ್ಲಿಂದ ಏಳಲಿಲ್ಲ. ನಾನು ಸುಮ್ಮನಿರುವ ಜಾತಿಯವಳಲ್ಲ. "ಇಲ್ಲ ಅಂತ ಯಾಕಂದ್ರಿ? ಈಗಲೇ ವಾಪಸ್ ಫೋನ್ ಮಾಡಿ, ಗೊತ್ತಾಗ್ಲಿಲ್ಲ, ತೊಳೆದುಬಿಟ್ಟೆ ಅಂತ ಹೇಳಿಬಿಡಿ. ಬೇಕಾದ್ರೆ ನಾನೇ ಹೇಳ್ತೀನಿ" ಎಂದು ಫೋನಿಗೆ ಕೈ ಹಾಕಿದೆ. ಅತ್ತೆ ಗಬಕ್ಕನೆ ಫೋನನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು.

"ಬೇಡ ಕಣೆ. ಬಟ್ಟೆ ಒಗೆಸಿದ್ದಕ್ಕೆ ಆ ಹುಡುಗನ ಗತಿ ಏನಾಯ್ತು ನೋಡಿದ್ಯಲ್ಲ. ನನ್ನ ಚಪ್ಪಲೀನೂ ಹೊಸಿಲಾಚೆ ಇಡ್ತಾನೆ. ಆಮೇಲೆ ಅವನು ಊಟಕ್ಕೆ ಎಲ್ಲಿಗೆ ಹೋಗ್ತಾನೆ? ಒಬ್ಬನೇ ಆ ಮನೇಲಿ ಏನು ತಿಂತಾನೆ?"

ಅಷ್ಟೇ. ಅವರ ಹೆದರಿಕೆಯೆಲ್ಲ ಅಷ್ಟೇ. ಉಂಗುರ ಹಾಳಾಯಿತೆಂದಲ್ಲ, ತನಗೆ ಕೆಟ್ಟ ಹೆಸರು ಬರುತ್ತದೆಂದೂ ಅಲ್ಲ. ತಮ್ಮ ಇನ್ನು ಈ ಮನೆಗೆ ಬರುವುದಿಲ್ಲ, ಬಾರದಿದ್ದರೆ ಉಪವಾಸ ಬಿದ್ದು ಸಾಯುತ್ತಾನೆ. ಅದನ್ನೇ ಹಿಡಿದುಕೊಂಡು ಕೂತರು. ಊಟಕ್ಕೆ ಕರೆದರೆ ಹಸಿವಿಲ್ಲ. ಗೇಟು ಕಿರ್ ಎಂದರೆ ಬೆಚ್ಚುತ್ತಾರೆ, ಹಾಲಿನವನಿಗೂ ಬೆಚ್ಚುತ್ತಾರೆ. ನಡುನಡುವೆ ಹಿತ್ತಿಲ ಮೋರಿಯ ಹತ್ತಿರ ಹೋಗಿ ನಿಂತು ಬರುತ್ತಾರೆ. ಏನಾದರೂ ಉಳಿದಿರಬಹುದೇ ಎಂದು ಬಗ್ಗಿ ನೋಡುತ್ತಾರೆ. ಅಲ್ಲಿ ಏನಿರುತ್ತದೆ, ನಾನೇ ಆಮೇಲೆ ಬಟ್ಟೆ ಒಗೆದು ಬಕೆಟ್ಟುಗಟ್ಟಲೆ ನೀರು ಹರಿಸಿದ್ದೆ. ನನ್ನ ಗಂಡ "ಏನಾಯ್ತು ಅಮ್ಮಂಗೆ?" ಎಂದು ಕೇಳಿದ. "ಸೊಂಟ ನೋವಂತೆ" ಎಂದೆ. ಅತ್ತೆಯ ಸುಳ್ಳಿಗೆ ನನ್ನದೂ ಒಂದು ಸೇರಿತು. ಕರ್ಮ.

ಮಾರನೆಯ ದಿನ ನಾನು ಅಡುಗೆಮನೆಗೆ ಬಂದಾಗ ಅತ್ತೆ ಮೇಜಿನ ಮುಂದೆ ಕೂತಿದ್ದರು. ಪುಟ್ಟ ಬಟ್ಟಲಲ್ಲಿ ಮೈದಾ ಹಿಟ್ಟು ಕಲಸಿಟ್ಟುಕೊಂಡು, ಮರದ ಕಡ್ಡಿಯ ತುದಿಯಿಂದ ಉಂಗುರದ ಸಂದಿಗೆ ತುಂಬುತ್ತಿದ್ದರು.

"ಏನ್ಮಾಡ್ತಿದ್ದೀರಿ?"

"ಕೊಳೆ" ಎಂದರು.

ಜನ್ಮವಿಡೀ ಊರವರ ಕೊಳೆ ತೆಗೆದ ಹೆಂಗಸು ಕನ್ನಡಕ ಏರಿಸಿಕೊಂಡು, ಉಸಿರು ಬಿಗಿಹಿಡಿದು, ಕೊಳೆ ತುಂಬುತ್ತಿದ್ದಾರೆ. ನಗು ಬಂತು. ಅವರ ಕೈ ನಡುಗುವುದು ನೋಡಿ ನಗು ಅಲ್ಲೇ ನಿಂತಿತು. ಹಿಟ್ಟು ಒಣಗಿದ ಮೇಲೆ ನೋಡಿದರೆ ಹೊಸ ಗೋಡೆಯ ಗಾರೆಯ ಹಾಗೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಮುಟ್ಟಿದರೆ ಉದುರಿತು.

"ಇದು ಆಗೋ ಮಾತಲ್ಲ. ಸುಮ್ನೆ ಹೇಳಿಬಿಡಿ ಅತ್ತೆ" ಎಂದೆ.

"ನೀನು ಹೋಗು. ಸಹಾಯ ಮಾಡದೆ ಇದ್ರೂ ಪರ್ವಾಗಿಲ್ಲ, ಎದೆ ಒಡೆಯೋ ಮಾತು ಆಡ್ಬೇಡ."

ಆ ಧ್ವನಿ ಕೇಳಿ ನನಗೆ ತಡೆಯಲಾಗಲಿಲ್ಲ. ಬಣ್ಣ ಬರಲಿ ಎಂದು ನಾನೇ ಟೀ ಸೊಪ್ಪು ಕುದಿಸಿ ಆ ನೀರಿನಲ್ಲಿ ಹಿಟ್ಟು ಕಲಸಿಕೊಟ್ಟೆ. ಒಣಗಿದಾಗ ಬಣ್ಣವೇನೋ ಬಂತು, ಆದರೆ ಉಂಗುರ ಟೀ ಕಪ್ಪಿನೊಳಗೆ ಬಿದ್ದು ಎದ್ದಂತೆ ಕಂಡಿತು. ವಾಸನೆಯೂ ಅದೇ. ಅತ್ತೆ ಅದನ್ನೂ ತೊಳೆದರು. ತೊಳೆಯುವಾಗ ಮಾತ್ರ ಅವರ ಕೈ ನಡುಗಲಿಲ್ಲ, ಅಭ್ಯಾಸದ ಕೆಲಸವಲ್ಲವೇ.

ಬಣ್ಣದವರ ಕೆಲಸ ಮುಗಿಯುವುದಕ್ಕೆ ಇನ್ನು ಎರಡು ದಿನವಿದೆ ಎನ್ನುವಾಗ ಅತ್ತೆಗೆ ಹೊಸದೊಂದು ಹೊಳೆಯಿತು. "ಕಡ್ಡೀಲಿ ತುಂಬಿದ್ರೆ ಹೇಗೆ ಕೂರುತ್ತೆ? ಅವಳು ಕೈಯಲ್ಲಿ ಹಾಕ್ಕೊಂಡು ನಾದ್ತಿದ್ಲು. ಹೇಗೆ ಸೇರಿತ್ತೋ ಹಾಗೇ ಸೇರ್ಬೇಕು." ದೊಡ್ಡ ಪರಾತದಲ್ಲಿ ಹಿಟ್ಟು ಸುರಿದುಕೊಂಡು, ಬೆಣ್ಣೆ ಹಾಕಿಕೊಂಡು ಕೂತರು. ಉಂಗುರ ಅವರ ಬೆರಳಿನ ಗೆಣ್ಣು ದಾಟುವಂತಿರಲಿಲ್ಲ. ಬೆಣ್ಣೆ ಸವರಿ, ಹಲ್ಲು ಕಚ್ಚಿ ಒತ್ತಿದರು, ದಾಟಿತು. ಆಮೇಲೆ ನಾದಿದರು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿದ್ದರೂ ನಾದಿದರು. ಹಿಟ್ಟು ಬೇಕರಿಯದಷ್ಟೇ ನುಣ್ಣಗೆ ಬಂದಿತ್ತು. ಉಂಗುರದ ಸಂದಿನಲ್ಲೂ ಚೆನ್ನಾಗಿಯೇ ಕೂತಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು.

"ಇನ್ನು ತೆಗೆದು ಒಣಗಿಸಿದ್ರೆ ಆಯ್ತು" ಎಂದು ಎಳೆದರು. ಬರಲಿಲ್ಲ.

ತಿರುಗಿಸಿ ಎಳೆದರು. ನಾನು ಎಳೆದೆ. ಬೆರಳು ಊದಿಕೊಂಡು ಗೆಣ್ಣಿನ ಈಚೆ ಗಂಟಾಗಿತ್ತು. ನೋಡುನೋಡುತ್ತಲೇ ಕೆಂಪಾಗಿ, ಕೆಂಪು ನೀಲಿಗೆ ತಿರುಗತೊಡಗಿತು. "ತಾಳಿ, ಸೋಪು ತರ್ತೀನಿ" ಎಂದು ಎದ್ದೆ.

"ಸೋಪು ಬೇಡ" ಎಂದರು ಅತ್ತೆ, ನೋವಿನಲ್ಲೇ. "ಸೋಪು ಹಾಕಿದ್ರೆ ಮತ್ತೆ ತೊಳೆದ ಹಾಗೇ ಆಗುತ್ತಲ್ಲೇ."

"ಬೆರಳು ಹೋದ್ರೂ ಪರ್ವಾಗಿಲ್ವಾ?"

"ಬೆರಳು ಇನ್ನೂ ಇದ್ದಾವೆ ನಂಗೆ. ತಮ್ಮ ಒಬ್ಬನೇ ಇರೋದು."

ಅಷ್ಟರಲ್ಲಿ ಗೇಟು ಕಿರ್ ಎಂದಿತು. ಹಾಲಿನವನ ಹೊತ್ತಲ್ಲ. ಕಿಟಕಿಯಿಂದ ನೋಡಿದರೆ ಖಾಕಿ ಅಂಗಿ. ಬಣ್ಣದವರು ಬೇಗ ಮುಗಿಸಿದ್ದರಂತೆ. ಅಡಗಿಸಲು, ಒರೆಸಲು, ಒಂದು ಮಾತು ಹೊಂದಿಸಿಕೊಳ್ಳಲು ಸಮಯವೇ ಸಿಗಲಿಲ್ಲ. ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎದುರಿಗೆ ಪರಾತ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಅಕ್ಕ, ಅಕ್ಕನ ಬೆರಳಿನಲ್ಲಿ ಹೆಂಡತಿಯ ಉಂಗುರ.

"ಅಕ್ಕ, ಅದು ಅವಳದು" ಎಂದರು. ಅಷ್ಟೇ.

ಅವರೇನು ಅಂದುಕೊಂಡರು ಎನ್ನುವುದು ನನಗೆ ಥಟ್ಟನೆ ಹೊಳೆಯಿತು. ಆಸೆಪಟ್ಟು ಹಾಕಿಕೊಂಡಿದ್ದಾರೆ ಎಂದು. ನನ್ನ ಮೈ ಉರಿದುಹೋಯಿತು. "ಮಾವ, ಅತ್ತೆ ಅದನ್ನ..." ಎಂದು ಶುರು ಮಾಡಿದೆ. ಅತ್ತೆ ಕೈಯೆತ್ತಿ ತಡೆದರು. ಇಷ್ಟು ದಿನ ಗೇಟಿನ ಸದ್ದಿಗೂ ಹೆದರಿ ಸತ್ತ ಹೆಂಗಸು ಎದ್ದು ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟರು.

"ತೊಳೆದುಬಿಟ್ಟೆ ಕಣೋ. ನೀನು ಕೊಟ್ಟ ಮಾರನೇ ದಿನವೇ ತೊಳೆದೆ. ನೋಡ್ಕೊಡು ಅಂತ ಕೇಳಿಸ್ತು ನಂಗೆ. ನೀನು ಫೋನ್ ಮಾಡಿದಾಗ ಸುಳ್ಳು ಹೇಳ್ದೆ. ಅವಳ ಹಿಟ್ಟು ಒಂದು ಚೂರೂ ಉಳಿದಿಲ್ಲ. ಇದು ನಂದು. ನಿನಗೆ ಗೊತ್ತಾಗದೆ ಇರ್ಲಿ ಅಂತ ನಾದ್ತಾ ಇದ್ದೆ."

ಮಾವನ ಕಣ್ಣು ಪರಾತದ ಹಿಟ್ಟಿನ ಮೇಲೆ ನಿಂತಿತ್ತು. ಕೊನೆಗೆ ಕೇಳಿದರು. "ನೀರೆಲ್ಲಿ ಚೆಲ್ದೆ?"

ಅತ್ತೆಗೆ ಅರ್ಥವಾಗಲಿಲ್ಲ.

"ತೊಳೆದ ನೀರು. ಎಲ್ಲಿ ಚೆಲ್ದೆ?"

ಅತ್ತೆ ಹಿತ್ತಿಲ ಕಡೆ ಕೈ ತೋರಿಸಿದರು. ಮಾವ ನಮ್ಮಿಬ್ಬರ ನಡುವೆ ಹಾದು ಹಿಂಬಾಗಿಲು ದಾಟಿ ಮೋರಿಯ ಹತ್ತಿರ ಹೋದರು. ಬಟ್ಟೆ ಒಗೆಯುವ ಕಲ್ಲು, ಅದರ ಬುಡದಲ್ಲಿ ಮೋರಿಯ ಬಾಯಿ, ಸೋಪಿನ ನೊರೆ ಒಣಗಿದ ಗೆರೆ. ಬೇರೆ ಏನೂ ಇಲ್ಲ. ಅವರು ಅಲ್ಲಿ ಕುಕ್ಕರುಗಾಲಲ್ಲಿ ಕೂತರು. ಮೋರಿಯ ಅಂಚು ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಅವರ ಬೆನ್ನು ಅಲುಗುವುದು ಕಿಟಕಿಯಿಂದ ಕಾಣುತ್ತಿತ್ತು. ಹೆಂಡತಿ ಸತ್ತ ದಿನವೂ ಅವರು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಅತ್ತೆ ಹಿಂಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಬೆರಳಿನ ನೋವು ಅವರಿಗೆ ನೆನಪೂ ಇರಲಿಲ್ಲ ಎಂದು ಕಾಣುತ್ತದೆ. ಹತ್ತಿರ ಹೋಗುವ ಧೈರ್ಯವಿಲ್ಲ, ಬಿಟ್ಟು ಬರುವ ಮನಸ್ಸಿಲ್ಲ. ಮಾವ ಎದ್ದು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಬಾಗಿಲಿಗೆ ಬಂದಾಗ, ಅತ್ತೆ ಅವರ ದಾರಿಗೆ ಅಡ್ಡ ನಿಂತರು.

"ಬೈಯೋ ನನ್ನ. ಏನು ಬೇಕಾದ್ರೂ ಅನ್ನು, ಹೊಡೆದ್ರೂ ಸರಿ. ಊಟಕ್ಕೆ ಬರೋದು ಮಾತ್ರ ಬಿಡ್ಬೇಡ ಕಣೋ."

"ಸಿಟ್ಟು ಬಂದಿದೆ ನಂಗೆ" ಎಂದರು ಮಾವ. ಅವರ ಧ್ವನಿ ಒಡೆದಿತ್ತು. "ತುಂಬಾ ಬಂದಿದೆ. ಎದ್ದು ಹೋಗ್ಬಿಡೋಣ ಅನ್ನಿಸ್ತಿದೆ. ಆದ್ರೆ ಎಲ್ಲಿಗೆ ಹೋಗ್ಲಿ ಅಕ್ಕ? ಬೇರೆ ಯಾರ ಮೇಲೆ ಸಿಟ್ಟು ಬಂದ್ರೂ ನಾನು ಇಲ್ಲಿಗೆ ಬರ್ತಿದ್ದೆ. ನಿನ್ನ ಮೇಲೆ ಸಿಟ್ಟು ಬಂದ್ರೆ ಎಲ್ಲಿಗೆ ಹೋಗ್ಲಿ?"

ಅತ್ತೆ ಹಿಟ್ಟಿನ ಕೈಯಲ್ಲೇ ಅವರ ತೋಳು ಹಿಡಿದುಕೊಂಡರು. ಆಗಲೇ ಮಾವನ ಕಣ್ಣು ಆ ಬೆರಳಿನ ಮೇಲೆ ಬಿದ್ದದ್ದು. ಅದು ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. "ಸೋಪು ಕೊಡಮ್ಮ" ಎಂದರು ನನಗೆ. ನಾನು ಕೊಟ್ಟೆ. ಅಕ್ಕನ ಮಣಿಕಟ್ಟು ಹಿಡಿದು ನಲ್ಲಿಯ ಕೆಳಗೆ ಕರೆದೊಯ್ದರು. ಅತ್ತೆ ಸಣ್ಣ ಮಗುವಿನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡು, "ಹೋಗುತ್ತೆ ಕಣೋ, ಎಲ್ಲ ಹೋಗುತ್ತೆ" ಎಂದರು. "ಹೋಗ್ಲಿ" ಎಂದರು ಮಾವ. ಬೆರಳಿಗೆ ಸೋಪು ಸವರಿ, ಉಂಗುರವನ್ನು ಅತ್ತಿತ್ತ ತಿರುಗಿಸುತ್ತಾ, ನೋವಾದಾಗ ನಿಲ್ಲಿಸುತ್ತಾ, ಮತ್ತೆ ತಿರುಗಿಸುತ್ತಾ ಬಹಳ ಹೊತ್ತು ಹಿಡಿದರು. ಅತ್ತೆ ನಾದಿದ ಹಿಟ್ಟು ಬೆಳ್ಳಗೆ ಕರಗಿ ನೀರಿನ ಜೊತೆ ಇಳಿದುಹೋಯಿತು. ಕೊನೆಗೆ ಉಂಗುರ ಗೆಣ್ಣು ದಾಟಿ ಮಾವನ ಅಂಗೈಗೆ ಬಂತು.

ಅವರು ಅದನ್ನು ಒರೆಸಲಿಲ್ಲ, ಬೆಳಕಿಗೆ ಹಿಡಿದು ನೋಡಲೂ ಇಲ್ಲ. ಒದ್ದೆ ಉಂಗುರವನ್ನೇ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಆಮೇಲೆ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ಆ ಬೆರಳನ್ನು ಟವೆಲಿನಲ್ಲಿ ಸುತ್ತಿ, ತಮ್ಮ ಎರಡೂ ಕೈಗಳ ನಡುವೆ ಹಿಡಿದುಕೊಂಡು ನೆಲದ ಮೇಲೆ ಕೂತರು. ಅತ್ತೆ ಬಿಕ್ಕುತ್ತಲೇ ಇದ್ದರು. ಕತ್ತಲಾದರೂ ಮಾವ ಎದ್ದು ಹೋಗಲಿಲ್ಲ.